ಮೂರು ನೀರು

“ನಿಮ್ಮ ಬಟ್ಟೆ ಯಾರು ಒಗೀತಾರೆ, ನಜೀರ್?”

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡೇ ಕೇಳಿದರು. ನಜೀರನಿಗೆ ಅರ್ಥವಾಗಲಿಲ್ಲ. ಅವನು ಬಂದದ್ದು ಹೆಂಡತಿಯ ಕೆಮ್ಮಿನ ವಿಷಯಕ್ಕೆ. ಟಿ.ಬಿ. ಆಸ್ಪತ್ರೆಯ ಸೂಜಿಮದ್ದು ವರ್ಷ ಕಳೆದರೂ ಹಿಡಿಯುತ್ತಿಲ್ಲ, ಕಾರ್ಖಾನೆಯ ಡಾಕ್ಟರು ಒಂದು ಮಾತು ಹೇಳಿದರೆ ಇನ್ನೂ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬಹುದು ಎಂದು ನಾಲ್ಕು ಜನ ಹೇಳಿದ್ದರು.

“ಯಾವ ಬಟ್ಟೆ ಸಾರ್?”

“ಪೌಡರ್ ರೂಮಲ್ಲಿ ಹಾಕ್ಕೊಳ್ತೀರಲ್ಲ, ಇದೇ.”

“ಮನೇಲೇ ಸಾರ್. ಮಲ್ಕಾನೇ ಒಗೀತಾಳೆ.”

“ಯಾವಾಗಿಂದ?”

“ಮದುವೆ ಆದಾಗಿಂದ.”

ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಳಿಸಿದರು. ಆ ಕಪ್ಪು ಹಾಳೆಯಲ್ಲಿ ಮಲ್ಕಾಳ ಎರಡು ಶ್ವಾಸಕೋಶಗಳ ಮೇಲೂ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಅವನ್ನು ನಜೀರನೂ ಎಷ್ಟೋ ಸಲ ನೋಡಿದ್ದ. ಆದರೆ ನೋಡಿದ ಡಾಕ್ಟರ ಮುಖ ಹೀಗೆ ಬಿಳಿಚಿಕೊಂಡದ್ದನ್ನು ಮಾತ್ರ ಇದೇ ಮೊದಲು ನೋಡಿದ್ದು.

ಸೋಲದೇವನಹಳ್ಳಿ ದಾಟಿ, ಹೆಸರಘಟ್ಟ ರಸ್ತೆ ಬಿಟ್ಟು ಒಳಗೆ ಹೋದರೆ ನೀಲಗಿರಿ ತೋಪಿನ ಹಿಂದೆ ಆ ಕಾರ್ಖಾನೆ. ಎಮರ್ಜೆನ್ಸಿಗೆ ಕೆಲವು ವರ್ಷ ಮೊದಲು ಶುರುವಾದದ್ದು. ಬೋರ್ಡಿನಲ್ಲಿ ವಿಶೇಷ ಲೋಹಗಳ ಘಟಕ ಎಂದಿತ್ತು. ಸುತ್ತಲಿನ ಹಳ್ಳಿಯವರು ಬಾಂಬ್ ಫ್ಯಾಕ್ಟರಿ ಎನ್ನುತ್ತಿದ್ದರು. ಬಾಂಬೂ ಇಲ್ಲ, ಗೀಂಬೂ ಇಲ್ಲ. ಅಲ್ಲಿ ಬೆರಿಲಿಯಂ ಎಂಬ ಲೋಹದ ಅದಿರನ್ನು ಕರಗಿಸಿ, ಶುದ್ಧಮಾಡಿ, ಹಿಟ್ಟಿನಂಥ ಬಿಳಿ ಪುಡಿ ಮಾಡುತ್ತಿದ್ದರು. ಪುಡಿಯನ್ನು ಅಚ್ಚಿಗೆ ತುಂಬಿ, ಬೆಂಕಿಯಲ್ಲಿ ಒತ್ತಿ ಇಟ್ಟಿಗೆ ಮಾಡಬೇಕು. ಇಟ್ಟಿಗೆ ಅಣುಸ್ಥಾವರದ ಒಳಗೆ ಕೂರಬೇಕು. ಕೂರುವ ಮಾತು ಆಮೇಲೆ, ಮೊದಲು ಅದು ಒಡೆಯದೆ ಹೊರಗೆ ಬರಬೇಕಲ್ಲ. ವಿಜ್ಞಾನಿಗಳು ಒಂದು ವಾರ ಶಾಖ ಹೆಚ್ಚಿಸುವರು, ಇನ್ನೊಂದು ವಾರ ಇಳಿಸುವರು. ಇಟ್ಟಿಗೆ ಬಿರುಕು ಬಿಡುವುದು. ಬಿರುಕು ಬಿಟ್ಟದ್ದನ್ನು ಮತ್ತೆ ಕುಟ್ಟಿ, ಜರಡಿ ಹಿಡಿದು, ಮತ್ತೆ ಪುಡಿ. ಸಂಶೋಧನೆ ಎಂದರೆ ನಜೀರನ ಪಾಲಿಗೆ ಇಷ್ಟೇ: ಜರಡಿ ಹಿಡಿಯುವುದು. ದೇಶಕ್ಕಾಗಿ ಹಿಡಿಯುತ್ತಿದ್ದೇನೆ ಎಂಬ ಹೆಮ್ಮೆ ಅವನಿಗೆ ಬಹಳ ಇತ್ತು. ಅದೇನೂ ಸುಳ್ಳು ಹೆಮ್ಮೆಯಲ್ಲ.

ಕಾರ್ಖಾನೆಯಲ್ಲಿ ಲಾಂಡ್ರಿ ಇತ್ತು. ಆದರೆ ಅಲ್ಲಿ ಎಲ್ಲರ ಬಟ್ಟೆಯನ್ನೂ ಒಂದೇ ತೊಟ್ಟಿಗೆ ಹಾಕುತ್ತಿದ್ದರು, ಚರಂಡಿಗೆ ಇಳಿಯುವವರದೂ ಸೇರಿ. ನಜೀರ್ ಮಧ್ಯಾಹ್ನದ ನಮಾಜನ್ನು ಅದೇ ಯೂನಿಫಾರ್ಮಿನಲ್ಲಿ, ಸ್ಟೋರಿನ ಪಕ್ಕದ ಮೂಲೆಯಲ್ಲಿ ಮಾಡುತ್ತಿದ್ದವನು. ಬಟ್ಟೆ ನಮಾಜಿಗೆ ಪಾಕ್, ಅಂದರೆ ಶುದ್ಧ, ಆಗಬೇಕಾದರೆ ಮೂರು ನೀರಿನಲ್ಲಿ ಜಾಲಿಸಿ, ಮೂರು ಸಲವೂ ಹಿಂಡಬೇಕು. ಲಾಂಡ್ರಿಯಲ್ಲಿ ಯಾರು ಅಷ್ಟು ಮಾಡುತ್ತಾರೆ? ಹಾಗಾಗಿ ಅವನು ಬಟ್ಟೆಯನ್ನು ಚೀಲಕ್ಕೆ ತುರುಕಿ ಮನೆಗೆ ಒಯ್ಯುತ್ತಿದ್ದ. ಜೊತೆಯ ನರಸಯ್ಯನೂ ಒಯ್ಯುತ್ತಿದ್ದ. ಅವನ ಕಾರಣ ಲಾಂಡ್ರಿಯವರು ಗುಂಡಿ ಕಿತ್ತು ಕೊಡುತ್ತಾರೆ ಎಂಬುದು. ಗೇಟಿನ ಕಾವಲುಗಾರ ತಾಮ್ರದ ಚೂರು ಇದೆಯೇ ಎಂದು ಚೀಲ ತಡವಿ ನೋಡಿ, ಬಟ್ಟೆಯೊಂದೇ ಎಂದು ಬಿಟ್ಟುಬಿಡುತ್ತಿದ್ದ.

“ಇದು ಟಿ.ಬಿ. ಅಲ್ಲ ಅನ್ಸುತ್ತೆ,” ಎಂದರು ಡಾಕ್ಟರು. “ಕಫದಲ್ಲಿ ಒಂದು ಸಲಾನೂ ಏನೂ ಸಿಕ್ಕಿಲ್ಲ. ಹೊರದೇಶದಲ್ಲಿ ಇಂಥ ಕಾರ್ಖಾನೆಗಳು ಶುರುವಾದಾಗ ಹೀಗೇ ಆಗಿತ್ತು. ಒಳಗೆ ಕೆಲಸ ಮಾಡೋ ಎಷ್ಟೋ ಗಂಡಸರು ಚೆನ್ನಾಗೇ ಇದ್ರು, ಮನೇಲಿ ಬಟ್ಟೆ ಕೊಡವಿ ಒಗೆದ ಹೆಂಗಸರಿಗೆ ಬಂತು. ಎಲ್ಲರಿಗೂ ಬರಲ್ಲ. ಕೆಲವರ ಮೈಗೆ ಆ ಪುಡಿ ಆಗಲ್ಲ, ಅಷ್ಟೇ.”

“ನನಗೇನೂ ಆಗಿಲ್ವಲ್ಲ ಸಾರ್?”

“ನಿಮಗೆ ಮಾಸ್ಕ್ ಇದೆ. ಮೇಲೆ ಫ್ಯಾನಿದೆ.”

ಮಲ್ಕಾಳಿಗೆ ಏನಿತ್ತು ಎಂದು ಇಬ್ಬರೂ ಕೇಳಲಿಲ್ಲ. ನಜೀರ್, “ವಾಸಿ ಆಗುತ್ತಲ್ಲ ಸಾರ್?” ಎಂದ.

ಡಾಕ್ಟರು ಎಕ್ಸ್‌ರೇಯನ್ನು ಕವರಿಗೆ ಸೇರಿಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. “ಮಾತ್ರೆ ಇದೆ, ಉಸಿರು ಸ್ವಲ್ಪ ಹಗುರಾಗುತ್ತೆ. ಒಳಗೆ ಕೂತಿರೋದು ಹೋಗಲ್ಲ. ಮೊದಲು ಬಟ್ಟೆ ನಿಲ್ಸಿ, ಇವತ್ತಿಂದಾನೇ. ನಾನು ಮೇಲಿನವರಿಗೆ ಬರೀತೀನಿ. ಅಲ್ಲೀವರೆಗೂ ಇದನ್ನ ಹೊರಗಡೆ...” ಎಂದು ನಿಲ್ಲಿಸಿ, ತಮ್ಮ ಮಾತಿಗೆ ತಾವೇ ನಾಚಿದವರಂತೆ ಮೇಜು ನೋಡಿದರು.

“ಟಿ.ಬಿ. ಆಗಿದ್ರೆ ವಾಸಿ ಆಗ್ತಿತ್ತು, ಅಲ್ವಾ ಸಾರ್?”

“ಹೂಂ. ಆಗ್ತಿತ್ತು.”

ಟಿ.ಬಿ.ಯೇ ಆಗಿರಲಿ ದೇವರೇ ಎಂದು ಹೆಂಡತಿಗಾಗಿ ಬೇಡಿಕೊಂಡ ಗಂಡ ಅವನ ಮನೆಯಿದ್ದ ಆರ್.ಟಿ. ನಗರದಲ್ಲೆಲ್ಲ ಅವನೊಬ್ಬನೇ ಇದ್ದಿರಬೇಕು.

ಶಿಫ್ಟ್ ಬಸ್ಸಿನಲ್ಲಿ ನರಸಯ್ಯ ತನ್ನ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. “ಏನ್ ಗುರು, ಇವತ್ತು ಕೈ ಬೀಸ್ಕೊಂಡು ಹೊರಟಿದೀಯ? ಬಟ್ಟೆ ಎಲ್ಲೋ?”

“ಲಾಂಡ್ರಿಗೆ ಹಾಕ್ದೆ. ನೀನೂ ಹಾಕೋ. ಮನೇಲಿ ಒಗೆಸ್ಬೇಡ.”

“ಯಾಕೋ?”

“ನಿನ್ ಹೆಂಡ್ತಿ ಕೆಮ್ತಾಳಾ?”

“ಅವಳೆಲ್ಲಿ ಕೆಮ್ತಾಳೆ, ಬೈತಾಳೆ ಅಷ್ಟೇ.” ನರಸಯ್ಯ ನಕ್ಕು, ಗಂಟಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ. ನಜೀರ್ ಆ ಗಂಟನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕು ಎಂದುಕೊಂಡ. ಎಸೆದು ಏನೆಂದು ಹೇಳುವುದು? ನಾಳೆ ಸರಿಯಾಗಿ ಕೂರಿಸಿ ಹೇಳಬೇಕು ಎಂದುಕೊಂಡು ಸುಮ್ಮನಾದ. ಅವನ ತಲೆ ತುಂಬ ಮಲ್ಕಾಳೇ ಇದ್ದಳು.

ಹೆಬ್ಬಾಳದಲ್ಲಿ ಇಳಿದು ಮನೆಯತ್ತ ನಡೆಯುವಾಗ ಕಣ್ಣಿಗೆ ಕಟ್ಟಿದ್ದು ಒಂದೇ. ಮದುವೆಯಾದ ಹೊಸತರಲ್ಲಿ ಮಲ್ಕಾ ಅವನ ಅಂಗಿಯನ್ನು ಎರಡು ಭುಜಕ್ಕೂ ಹಿಡಿದು, ಹಿತ್ತಲ ಬಿಸಿಲಲ್ಲಿ ಪಟಪಟ ಕೊಡವಿದ್ದಳು. ಪುಡಿ ಬಿಸಿಲಲ್ಲಿ ತೇಲಿತು. “ಅಜೀ, ನೀವು ಮಾಡೋದು ಏನು ಕೆಲಸ?” ಎಂದಳು. ಹೊರಗೆ ಹೇಳುವ ಹಾಗಿರಲಿಲ್ಲ. “ಹಿಟ್ಟಿನ ಗಿರಣಿ,” ಎಂದಿದ್ದ. ಅವಳು ನಕ್ಕಿದ್ದಳು. ಅಂದಿನಿಂದ ಅದೇ ಅವರ ತಮಾಷೆ. “ಗಿರಣಿಯವರು ಬಂದರು,” ಎನ್ನುವಳು. ಕೊಡವುವಾಗ ಮೂಗಿಗೆ ಹೋದರೆ ಸೀನಿ, ಅದಕ್ಕೂ ನಗುವಳು. ಅವನೂ ಪಕ್ಕದಲ್ಲೇ ನಿಂತು ನಗುತ್ತಿದ್ದ. ನಿಂತು ನೋಡುತ್ತಾ ನಕ್ಕೆನಲ್ಲ ಎಂದು ರಸ್ತೆಯಲ್ಲೇ ಅವನಿಗೆ ಅಳು ಬಂತು.

ಮನೆಯ ಬಾಗಿಲಲ್ಲಿ ಅವನ ತಾಯಿ ಸಬೀರಾ ಮೊಮ್ಮಗಳು ದಿಲ್ಶಾದಳ ತಲೆ ಬಾಚುತ್ತಿದ್ದಳು. ಸಬೀರಾ ಕೆಟ್ಟವಳಲ್ಲ. ಅವಳ ತಮ್ಮ ಟಿ.ಬಿ.ಯಲ್ಲಿ ಸತ್ತವನು, ಆ ಹೆದರಿಕೆ ಅವಳ ಮೂಳೆಯಲ್ಲಿ ಕೂತಿತ್ತು. ಸೊಸೆಗೆ ಟಿ.ಬಿ. ಎಂದ ದಿನವೇ ಅವಳ ತಟ್ಟೆ, ಲೋಟ ಹಿಂದಿನ ಕಿಟಕಿಗೆ ಹೋದವು. ಚಾಪೆ ಹಿತ್ತಲ ಕೋಣೆಗೆ ಹೋಯಿತು. ಅಡಿಗೆಮನೆ ತಪ್ಪಿತು. ಆಮೇಲೆ ಮಗಳೂ ತಪ್ಪಿದಳು. ದಿಲ್ಶಾದ್ ಈಗ ಹೊಸಿಲಾಚೆಯಿಂದಲೇ ಅಮ್ಮನ ಜೊತೆ ಮಾತಾಡಬೇಕು. ಮಲ್ಕಾಳ ಕೈಗೆ ಉಳಿದದ್ದು ಒಂದೇ ಕೆಲಸ, ಗಂಡನ ಬಟ್ಟೆ. ಅದನ್ನೂ ಸಬೀರಾ ಬೇಡ ಎಂದಾಗ ನಜೀರನೇ ಜಗಳವಾಡಿದ್ದ. “ಅವಳು ಒಗೆದ ಬಟ್ಟೆ ಹಾಕ್ಕೊಂಡೇ ನಾನು ನಮಾಜ್ ಮಾಡೋದು, ಅಮ್ಮೀ,” ಎಂದಿದ್ದ. ಗೋಡೆಯಾಚೆ ಮಲ್ಕಾ ಅದನ್ನು ಕೇಳಿಸಿಕೊಂಡಿದ್ದಳು. ಆ ವಾರವೆಲ್ಲ ಅವಳ ಕೆಮ್ಮು ಕಡಿಮೆಯಾದಂತೆ ಕಂಡಿತ್ತು.

ಅವನು ಹಿತ್ತಲಿಗೆ ಹೋದಾಗ ಅವಳು ಒಗೆಯುವ ಕಲ್ಲಿನ ಪಕ್ಕ ಕೂತಿದ್ದಳು. ಮುಂದೆ ಮೂರು ಬಕೆಟ್ ನೀರು. ಈಗೀಗ ತುಂಬಿದ ಬಕೆಟ್ ಎತ್ತಲು ಅವಳಿಗೆ ಆಗುತ್ತಿರಲಿಲ್ಲ. ನಲ್ಲಿಯಿಂದ ಚೊಂಬು ಚೊಂಬಾಗಿ ತಂದು, ನಡುನಡುವೆ ಕೂತು, ಮಧ್ಯಾಹ್ನವೆಲ್ಲ ತುಂಬಿಸುತ್ತಿದ್ದಳು.

“ಗಿರಣಿಯವರು ಬಂದರು,” ಎಂದಳು. ಅಷ್ಟಕ್ಕೇ ಉಸಿರು ಮೇಲೆ ಬಂತು. “ಚೀಲ ಎಲ್ಲಿ ಜೀ?”

“ತಂದಿಲ್ಲ. ಇನ್ಮೇಲೆ ಅಲ್ಲೇ ಒಗೀತಾರೆ.”

“ಲಾಂಡ್ರೀಲಾ? ಪಾಕ್ ಇರುತ್ತಾ?”

“ಇರುತ್ತೆ.”

“ಇಷ್ಟು ವರ್ಷ ಇಲ್ಲದ್ದು ಇವತ್ತು ಬಂತಾ?” ಅವಳು ಅವನ ಮುಖ ನೋಡಿದಳು. ನಜೀರ್ ಎಂದೂ ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ಮುಚ್ಚಿಡಬಲ್ಲವನಲ್ಲ. “ಅಮ್ಮೀ ಹೇಳಿದ್ರಾ?”

“ಅಮ್ಮೀ ಏನೂ ಹೇಳಿಲ್ಲ.”

“ಹಂಗಾದ್ರೆ ನಿಮಗೇ ಅನ್ನಿಸ್ತು.”

ಗೋಡೆಯ ಆಚೆಯಿಂದ ಗೋಪಾಲಮ್ಮ, ಪಕ್ಕದ ಮನೆಯಾಕೆ, ತಲೆ ಎತ್ತಿದಳು. “ಯಾಕವ್ವ ಮಲ್ಕಮ್ಮ, ಇಂಗೆ ಮೇಲುಸಿರು ಬಿಡ್ತಿದೀಯ? ನಮ್ಮಣ್ಣಂಗೂ ಇಂಗೇ ಇತ್ತು ಕಣವ್ವ, ಕೋರ್ಸ್ ಮುಗಿಸ್ದ, ಈಗ ಗುಂಡಿನಂಗವ್ನೆ. ನೀನೂ ಎದ್ ಓಡಾಡ್ತೀಯ ಸುಮ್ಕಿರು.” ಮಲ್ಕಾ ಅವಳಿಗಾಗಿ ನಕ್ಕಳು. ಗೋಪಾಲಮ್ಮ ಒಳಗೆ ಹೋದ ಮೇಲೂ ಆ ನಗು ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆ ಅಣ್ಣನ ಕಥೆಯನ್ನು ನಂಬಿಕೊಂಡೇ ಮಲ್ಕಾ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು.

ನಜೀರ್ ಅವಳ ಎದುರು ನೆಲದಲ್ಲಿ ಕೂತ. ಹೇಳಿದರೆ ಆ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಗಂಡನೂ ಅಸಹ್ಯಪಟ್ಟ ಎಂದುಕೊಳ್ಳುತ್ತಾಳೆ. ಎರಡನ್ನೂ ತೂಗಿ ನೋಡುವಷ್ಟು ಅವನಲ್ಲಿ ತ್ರಾಣವಿರಲಿಲ್ಲ.

“ಮಲ್ಕಾ, ಕೇಳು. ನಿನಗೆ ಟಿ.ಬಿ. ಅಲ್ಲ. ನನ್ನ ಬಟ್ಟೇಲಿರೋ ಆ ಬಿಳಿ ಪುಡಿಯಿಂದ ಆಗಿರೋದು. ಅದು ಒಳ್ಳೇದಲ್ಲ. ನಾನೇ ತಂದು ತಂದು ನಿನ್ನ ಕೈಗೆ ಕೊಟ್ಟೆ. ನನಗೆ ಗೊತ್ತಿರಲಿಲ್ಲ.”

ಅವಳು ನಕ್ಕಳು. ನಗು ಕೆಮ್ಮಾಯಿತು; ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಅವನು ಬೆನ್ನು ನೀವಲು ಕೈ ಚಾಚಿದ. ಅವಳು ಸರಿದುಕೊಂಡಳು.

“ಹಿಟ್ಟಿನಿಂದಾನಾ?” ಎಂದಳು.

“ಹಿಟ್ಟಲ್ಲ ಕಣೇ ಅದು.”

“ದಿನಾ ಅದರೊಳಗೇ ನಿಂತಿರೋ ನಿಮಗೆ ಒಂದು ಸೀನೂ ಇಲ್ಲ. ಒಗೆದ ನನಗೆ ಬಂತಾ? ಇದನ್ನ ದಾರೀಲಿ ಬರ್ತಾ ಹೊಂದಿಸ್ಕೊಂಡ್ರಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನನಗೆ ನೋವಾಗ್ಬಾರ್ದು ಅಂತ ಹೇಳ್ತಿದೀರಿ. ಗೊತ್ತು ನನಗೆ. ನಿಮಗೆ ಸುಳ್ಳು ಹೇಳೋಕೂ ಬರಲ್ಲ.”

“ಖುದಾ ಕಸಮ್, ಮಲ್ಕಾ. ಡಾಕ್ಟರೇ ಹೇಳಿದ್ದು.”

“ನಕ್ಕೋ ಜೀ, ಬೇಡ. ಆಣೆ ನಕ್ಕೋ. ಮಗಳಿಗೋಸ್ಕರ ನೀವು ಹುಷಾರಾಗಿರ್ಬೇಕು, ಅಷ್ಟೇ ತಾನೇ? ನಾನೇ ಮೊದಲೇ ಬಿಡ್ಬೇಕಿತ್ತು.”

ತಂತಿಯ ಮೇಲೆ ನಿನ್ನೆಯ ಅಂಗಿ ಒಣಗುತ್ತಿತ್ತು. “ಅದನ್ನೂ ತಗೊಂಡು ಹೋಗ್ತೀನಿ,” ಎಂದು ಎದ್ದ. ಡಾಕ್ಟರು ಇವತ್ತಿಂದಾನೇ ಎಂದಿದ್ದರು. ಅವನ ತಲೆಯಲ್ಲಿ ಇದ್ದದ್ದು ಅದೊಂದೇ.

“ನಿಲ್ಲಿ,” ಎಂದು ಮಲ್ಕಾ ಕಲ್ಲು ಹಿಡಿದು ಎದ್ದಳು. ತಂತಿ ತಗ್ಗದಿರಲೆಂದು ಆನಿಸಿಟ್ಟಿದ್ದ ಕವೆಗೋಲನ್ನು ಎರಡು ಕೈಯಲ್ಲೂ ಎಳೆದುಕೊಂಡಳು. ತಂತಿ ಜೋತುಬಿತ್ತು. ಪ್ರತಿದಿನ ಎರಡು ಭುಜಕ್ಕೂ ಹಿಡಿದು ಕೊಡವುತ್ತಿದ್ದ ಅಂಗಿಯನ್ನು ಕೈ ತಾಗಿಸದೆ ಕೋಲಿನ ತುದಿಯಿಂದ ಎತ್ತಿ ಅವನತ್ತ ಚಾಚಿದಳು.

“ತಗೊಳ್ಳಿ. ನಾನು ಮುಟ್ಟಿಲ್ಲ.”

ಅವನು ಅಂಗಿ ತೆಗೆದುಕೊಂಡ. ಕಾಲರಿನ ಮಡಿಕೆ ಇನ್ನೂ ತೇವವಾಗಿತ್ತು, ಸೋಪಿನ ವಾಸನೆಯಿತ್ತು. ಮಲ್ಕಾ ಕೋಲನ್ನು ಗೋಡೆಗೆ ಒರಗಿಸಿ ಕೂತಳು. ಆಮೇಲೆ ಚೊಂಬು ತೆಗೆದುಕೊಂಡು, ಮೂರು ಬಕೆಟ್ಟಿನ ನೀರನ್ನೂ ಸ್ವಲ್ಪ ಸ್ವಲ್ಪವಾಗಿ ನುಗ್ಗೆಗಿಡದ ಬುಡಕ್ಕೆ ಸುರಿಯತೊಡಗಿದಳು.