ತಕ್ಕಡಿ ಮೇಷ್ಟ್ರ ಎರಡು ದೋಣಿ

ಪೆಟ್ಟಿಗೆ ಹೊತ್ತ ಆರು ಜನ ಕೆರೆಗೆ ಚಾಚಿದ ಮರದ ಜೆಟ್ಟಿಯ ತುದಿಗೆ ಬಂದವರು ಗಕ್ಕನೆ ನಿಂತರು. ಎಡಕ್ಕೆ ಬಿಳಿ ದೋಣಿ. ಬಲಕ್ಕೆ ನೀಲಿ ದೋಣಿ. ಎರಡೂ ಮೋಟಾರಿನವು. ಎರಡನ್ನೂ ಯಾರೋ ಒಂದು ಕಾಲದಲ್ಲಿ ರಜಾದಿನದ ಮಜಾಕ್ಕೆ ಅಂತ ಕೊಂಡು, ಮಜಾ ಮುಗಿದ ಮೇಲೆ ಮಾರಿ ಹೋಗಿದ್ದರು.

"ಯಾವುದಕ್ಕೆ ಇಳಿಸೋದು?" ಅಂದ ಬೇಕರಿಯವನು. ತೀರಿಕೊಂಡ ಮೇಷ್ಟ್ರ ಭಾವಮೈದುನ ಅವನು. ಮುಂದಿನ ಎಡ ಹೆಗಲು ಅವನದು, ಬೆವರೂ ಅವನದೇ ಜಾಸ್ತಿ.

ಉಳಿದ ಐವರು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ತಿರುಗಿಸಿದರು.

"ಬೇಗ ಹೇಳ್ರಪ್ಪಾ. ಭಾವ ಬದುಕಿದ್ದಾಗ ಇಷ್ಟು ಭಾರ ಇರಲಿಲ್ಲ."

"ತೂಕದ ಬಟ್ಟುಗಳನ್ನೂ ಒಳಗೆ ಇಟ್ಟಿದೀವಿ ಮಾವ," ಅಂದಳು ಮಗಳು. "ಹಿತ್ತಾಳೆದು, ಪೂರ್ತಿ ಸೆಟ್ಟು. ಅದನ್ನ ಬಿಟ್ಟು ಅಪ್ಪ ಯಾವತ್ತು ಎಲ್ಲಿಗೆ ಹೋಗಿದ್ರು?"

"ಐದು ಕೇಜಿದೂ ಹಾಕಿದೀಯಾ?"

"ಅದು ಎರಡಿದೆ. ಒಂದು ತಲೆ ಹತ್ರ, ಒಂದು ಕಾಲ ಹತ್ರ. ಎರಡೂ ಒಂದೇ ಕಡೆ ಇಟ್ಟರೆ ಅಪ್ಪಂಗೆ ಸಿಟ್ಟು ಬರುತ್ತೆ."

ಊರಿನ ಸ್ಮಶಾನ ಕೆರೆಯ ಆಚೆ ದಡದಲ್ಲಿತ್ತು. ಸೇತುವೆ ರಿಪೇರಿ ಅಂತ ಮುಚ್ಚಿ ಎರಡು ವಾರ ಆಗಿತ್ತು. ಸ್ಮಶಾನದ ಗೇಟಿನವನು ಐದು ಗಂಟೆಗೆ ಬೀಗ ಜಡಿದು ಮನೆಗೆ ಹೋಗುವವನು. ಸತ್ತಿದ್ದಾರೆ ಅಂತ ಯಾರಿಗೂ ಅವನು ವಿನಾಯಿತಿ ಕೊಟ್ಟದ್ದಿಲ್ಲ. ಈಗ ಮೂರೂಮುಕ್ಕಾಲು.

ದೋಣಿಯಂಗಡಿಯವನು ಬೆಳಗ್ಗೆಯಿಂದ ಎರಡೂ ದೋಣಿ ಒರೆಸಿ, ಎರಡರ ಇಂಜಿನ್ನೂ ಒಮ್ಮೆ ಓಡಿಸಿ ನೋಡಿ, ಈಗ ಅಂಗಿಯ ತುದಿಗೆ ಕಣ್ಣೊರೆಸಿಕೊಳ್ಳುತ್ತಿದ್ದ. "ಎರಡೂ ರೆಡಿ ಇದಾವೆ ಅಮ್ಮಾ. ನೀವು ಯಾವುದು ಅಂದ್ರೆ ಅದು."

ಎಲ್ಲರೂ ಅಮ್ಮನ ಕಡೆ ತಿರುಗಿದರು. ಮೇಷ್ಟ್ರ ಹೆಂಡತಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಬಿಳಿಯದನ್ನು ಒಮ್ಮೆ, ನೀಲಿಯದನ್ನು ಒಮ್ಮೆ ನೋಡಿದರು.

"ಪೆಟ್ಟಿಗೆ ಕೆಳಗಿಡಿ," ಅಂದರು. "ಇದು ನಿಂತುಕೊಂಡು ಮುಗಿಯೋ ವಿಷಯ ಅಲ್ಲ."

*

ಮೇಷ್ಟ್ರು ಯಾವತ್ತೂ ಪಾಠ ಹೇಳಿದವರಲ್ಲ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಬಾಳೆಹಣ್ಣು ಅರ್ಧ ಮಾಡಿ ಕೊಟ್ಟರೆ ಎರಡು ಹೋಳೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸಮ ಇರುತ್ತಿದ್ದವು. ಒಂದು ಸಲ ಅವರ ಭುಜದ ಮೇಲೆ ನೊಣ ಕೂತಾಗ, "ಎಡಗಡೆ ಸ್ವಲ್ಪ ಭಾರ ಆಯ್ತಲ್ಲ" ಅಂದರಂತೆ. ಊರಿನವರು ಇದನ್ನು ನಂಬುತ್ತಾರೆ.

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ದೋಣಿಯಂಗಡಿಯ ಹಗ್ಗ ತೂಗುವ ತಕ್ಕಡಿ ನೋಡಲು ಹೋದವರು, ಹಿತ್ತಲಲ್ಲಿ ಕಲ್ಲಿನ ಮೇಲೆ ಕೂರಿಸಿದ್ದ ಈ ಎರಡು ದೋಣಿ ನೋಡಿಬಿಟ್ಟರು.

"ಒಂದು ತಗೋತೀನಿ," ಅಂದರು.

"ಯಾವುದು?"

"ಮುಂದಿನ ವಾರ ಹೇಳ್ತೀನಿ."

ಬಿಳಿಯದರಲ್ಲಿ ಆರು ಜನ ಕಾಲು ಚಾಚಿ ಕೂರಬಹುದಿತ್ತು. ಆದರೆ ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತನೇ ಸಲಕ್ಕೆ ಎದ್ದೇಳುತ್ತಿತ್ತು. ನೀಲಿಯದು ಕೀಲಿ ತಿರುಗಿಸಿದರೆ ಚಂಗನೆ ಹಾರುತ್ತಿತ್ತು. ಆದರೆ ಸೀಟು ಹರಿದು ಬರೀ ಹಲಗೆ ಉಳಿದಿತ್ತು. ಖಾಲಿ ತಟ್ಟೆ ಎರಡೂ ಸಮ ಇಲ್ಲದೆ ತೂಗಬಾರದು ಅನ್ನುವುದು ಮೇಷ್ಟ್ರ ಕಸುಬಿನ ಮೊದಲ ನಿಯಮ. ಹಾಗಾಗಿ ಮುಂದಿನ ಭಾನುವಾರ ನೀಲಿಗೆ ಹೊಸ ಸೀಟು ಹೊಲಿಸಿದರು. ಆಗ ನೀಲಿಯ ಕಡೆ ತೂಕ ಜಾಸ್ತಿಯಾಯಿತು. ಬಿಳಿಯ ಇಂಜಿನ್ನು ಬಿಚ್ಚಿ ತೊಳೆದರು. ಬಿಳಿಯದು ಮೇಲಾಯಿತು. ನೀಲಿಗೆ ಬಣ್ಣ ಹೊಡೆದರು. ಬಿಳಿಗೆ ನೆರಳಿನ ಮಾಡು ಕಟ್ಟಿದರು.

ನಡುವೆ ಗಿರಾಕಿಗಳು ಬರುತ್ತಿದ್ದರು. ಮೇಷ್ಟ್ರು ಅವರನ್ನು ಕೂರಿಸಿಕೊಂಡು ಎರಡರ ಗುಣದೋಷವನ್ನೂ ನ್ಯಾಯವಾಗಿ ವಿವರಿಸುತ್ತಿದ್ದರು. ಹೊಸದಾಗಿ ಮದುವೆಯಾದ ಒಂದು ಜೋಡಿ ಬೆಳಗ್ಗೆ ಬಂದು ಸಂಜೆಯವರೆಗೆ ಕೇಳಿ, ಹೋಗಿ ಎರಡು ಸೈಕಲ್ ಕೊಂಡುಕೊಂಡಿತು.

ದೋಣಿಯಂಗಡಿಯವನು ಎರಡಕ್ಕೂ "ಮಾತಾಗಿದೆ" ಅನ್ನೋ ಬೋರ್ಡು ತಗುಲಿಸಿ ಸುಮ್ಮನಾದ.

*

"ಭಾವಂಗೆ ಹುಡುಗಿ ಅಂತ ಗೊತ್ತಿದ್ದಿದ್ದು ನೀನೊಬ್ಬಳೇ ಅಕ್ಕಾ," ಅಂದ ಬೇಕರಿಯವನು, ಪೆಟ್ಟಿಗೆ ಪಕ್ಕ ಕೂತು ಹೆಗಲು ನೀವಿಕೊಳ್ಳುತ್ತಾ. "ಅದಕ್ಕೇ ಮದುವೆ ಆಯ್ತು. ಇಬ್ಬರು ಗೊತ್ತಿದ್ದಿದ್ರೆ ಇವತ್ತು ಬ್ರಹ್ಮಚಾರಿಯಾಗೇ ಹೋಗ್ತಿದ್ರು."

ಅಕ್ಕ ನಕ್ಕರು. ಅವರು ನಕ್ಕಿದ್ದರಿಂದ ಉಳಿದವರಿಗೂ ಧೈರ್ಯ ಬಂತು.

ಮಗಳು ಚೀಲದಿಂದ ಅಪ್ಪನ ದಪ್ಪ ನೋಟ್‌ಬುಕ್ ತೆಗೆದಳು. ಪ್ರತಿ ಪುಟದ ನಡುವೆ ಒಂದು ಗೆರೆ; ಎಡಕ್ಕೆ ಬಿಳಿ, ಬಲಕ್ಕೆ ನೀಲಿ. "ಅಮ್ಮಾ, ಕೊನೇ ಪುಟ ನೋಡು. ಭಾನುವಾರದ್ದು." ಓದಿದಳು: "'ತೀರ್ಮಾನ ಆಯಿತು. ಮೊದಲು ಅವಳಿಗೆ ಹೇಳಿ, ಆಮೇಲೆ ಇಲ್ಲಿ ಬರೆಯುವುದು.'"

ಆರು ಜನರಲ್ಲಿ ಒಬ್ಬ ಟೋಪಿ ತೆಗೆದ.

"ಏನಂದ್ರು ಅಮ್ಮಾ? ಯಾವುದಂತೆ?" ದೋಣಿಯಂಗಡಿಯವನು ಒಂದು ಹೆಜ್ಜೆ ಮುಂದೆ ಬಂದ. ಹನ್ನೊಂದು ವರ್ಷ ಅವನೂ ಕಾದಿದ್ದ.

"ಹೇಳಲಿಲ್ಲ," ಅಂದರು ಅವರು. "ನಾನು ಹೇಳೋಕೆ ಬಿಡಲಿಲ್ಲ."

*

ಪ್ರತಿ ಭಾನುವಾರ ಸಂಜೆ ಊಟದ ಮೇಜಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಕೆಲಸ. ಮೇಷ್ಟ್ರು ಕೈ ತೊಳೆದುಕೊಂಡು ಬಂದು, "ಬಿಳಿಯದೇ ಸರಿ ಅನ್ಸುತ್ತೆ ಕಣೇ" ಅನ್ನುವರು.

"ನೀಲಿಗೇನಾಗಿದೆ? ಬಿಳಿದು ಎಮ್ಮೆ ಥರ ತೇಲುತ್ತೆ ಅಂತ ನೀವೇ ಅಂದಿದ್ರಲ್ಲ?"

ಅದರ ಮುಂದಿನ ವಾರ ಅವರು ನೀಲಿ ಅಂದರೆ ಇವರು ಬಿಳಿ. ದೋಣಿ ಬಗ್ಗೆ ಹೆಂಡತಿಗೆ ಏನೂ ಗೊತ್ತಿರಲಿಲ್ಲ; ಹತ್ತಿ ನೋಡಿದ್ದೂ ಇಲ್ಲ. ಗೊತ್ತಿದ್ದದ್ದು ಒಂದೇ: ಮೇಷ್ಟ್ರು ವಾರವಿಡೀ ಬಟ್ಟು ಉಜ್ಜುತ್ತಾ ಮೂರು ಮಾತಾಡುವವರು, ಭಾನುವಾರ ಮೂರು ಗಂಟೆ ಮಾತಾಡುತ್ತಿದ್ದರು. ಚಮಚವನ್ನು ದೋಣಿ ಮಾಡಿ, ಉಪ್ಪಿನ ಡಬ್ಬಿಯನ್ನು ದಡ ಮಾಡಿ, ತಟ್ಟೆಯ ಸುತ್ತ ಓಡಿಸುತ್ತಿದ್ದರು. ಕೂಗಾಡುತ್ತಿದ್ದರು. ನಗುತ್ತಿದ್ದರು. ಪಕ್ಕದ ಮನೆಯವರು, ಇವರು ಆಗಲೇ ಎರಡು ದೋಣಿ ಕೊಂಡು ಜಗಳವಾಡುತ್ತಿದ್ದಾರೆ ಅಂದುಕೊಂಡಿದ್ದರು.

ಕಳೆದ ಭಾನುವಾರ ಮೇಷ್ಟ್ರು ಬಂದು ಕೂತವರು ಚಮಚ ಮುಟ್ಟಲಿಲ್ಲ. ಮುಖದಲ್ಲಿ ಅದೇನೋ ಶಾಂತಿ.

"ನಿಂಗೊಂದು ವಿಷಯ ಹೇಳ್ಬೇಕು," ಅಂದರು.

ತೀರ್ಮಾನ ಆಗಿಬಿಟ್ಟಿದೆ ಅಂತ ಹೆಂಡತಿಗೆ ತಕ್ಷಣ ಗೊತ್ತಾಯಿತು. "ನಾಳೆ ಹೇಳಿ. ನಂಗೆ ಈಗ ನಿದ್ದೆ ಬರ್ತಿದೆ," ಅಂದರು. ಆಗಿನ್ನೂ ಏಳು ಗಂಟೆ.

ಮೇಷ್ಟ್ರು ನಕ್ಕು, "ಆಯ್ತು, ನಾಳೆ" ಅಂದರು. ಬೆಳಗ್ಗೆ ಅವರು ಏಳಲಿಲ್ಲ.

*

"ನಾನು ಈಗ ಒಂದು ಹೇಳಿ, ಅವರು ಅಂದುಕೊಂಡಿದ್ದು ಇನ್ನೊಂದಾದ್ರೆ?" ಅಂದರು ಬಕೆಟ್ಟಿನ ಮೇಲಿಂದ. "ಹನ್ನೊಂದು ವರ್ಷ ತೂಗಿದ್ದು ನೀರುಪಾಲು. ಅದೊಂದು ಮಾತ್ರ ನನ್ನ ಕೈಲಾಗಲ್ಲ."

"ನಾಲ್ಕು ಹತ್ತು ಅಕ್ಕಾ," ಅಂದ ಬೇಕರಿಯವನು. "ಗೇಟಿನವನು..."

ಅವರು ಎದ್ದು ನಿಂತರು. "ಎರಡನ್ನೂ ಕಟ್ಟಿ."

"ಆಂ?"

"ಜೊತೆಗೆ ಕಟ್ಟಿ. ಅಡ್ಡಕ್ಕೆ ಹಲಗೆ ಹಾಕಿ. ಪೆಟ್ಟಿಗೆ ನಡುವೆ ಬರಲಿ."

ದೋಣಿಯಂಗಡಿಯವನು ಹಗ್ಗ ತರಲು ಓಡಿದ ಓಟಕ್ಕೆ ಅವನ ಚಪ್ಪಲಿ ಒಂದು ಕೆರೆಗೆ ಬಿತ್ತು. ಎರಡು ಉದ್ದ ಹಲಗೆ ಒಂದು ದೋಣಿಯಿಂದ ಇನ್ನೊಂದಕ್ಕೆ ಬಂದವು, ಮೇಲೆ ಪೆಟ್ಟಿಗೆ ಅಡ್ಡಡ್ಡ ಕೂತಿತು. ತಲೆ ಯಾವ ಕಡೆ ಅನ್ನೋದಕ್ಕೆ ಐದು ನಿಮಿಷ ಚರ್ಚೆಯಾಯಿತು. ಬಿಳಿಯದರಲ್ಲಿ ಕಾಲು ಚಾಚೋಕೆ ಜಾಗ ಜಾಸ್ತಿ, ಹಾಗಾಗಿ ಕಾಲು ಆ ಕಡೆ, ತಲೆ ನೀಲಿ ಕಡೆ ಅಂತಾಯಿತು.

ಇನ್ನು ಜನ. ಬೇಕರಿಯವನು ಬಿಳಿಗೆ ಕಾಲಿಟ್ಟದ್ದೇ ನೀಲಿ ಗಾಳಿಗೆದ್ದಿತು.

"ಮಾವ, ಅಲ್ಲೇ ಇರಿ! ನೀಲಿಗೆ ಇಬ್ಬರು ಬನ್ನಿ. ಇಬ್ಬರು ಸಾಲ್ದು, ಮೂರು!"

"ನನ್ನನ್ನೇನು ಅಕ್ಕಿ ಮೂಟೆ ಅಂದ್ಕೊಂಡ್ರಾ?"

"ಮೂಟೆ ಆಗಿದ್ರೆ ಅಲ್ಲಾಡ್ತಿರಲಿಲ್ಲ. ಉಸಿರು ಬಿಗಿ ಹಿಡೀರಿ."

ಒಬ್ಬನ ಕೋಟು ಬಿಚ್ಚಿಸಿ ಆ ಕಡೆಯಿಂದ ಈ ಕಡೆಗೆ ಎಸೆದ ಮೇಲೆ ಹಲಗೆ ಸಮವಾಯಿತು. ಮೇಷ್ಟ್ರ ಹೆಂಡತಿ ಜೀವಮಾನದಲ್ಲಿ ಮೊದಲ ಸಲ ದೋಣಿ ಹತ್ತಿ, ನಟ್ಟನಡುವೆ, ಪೆಟ್ಟಿಗೆಗೆ ಒರಗಿ ತಕ್ಕಡಿಯ ಮುಳ್ಳಿನ ಹಾಗೆ ನೆಟ್ಟಗೆ ಕೂತರು. ಎರಡು ಇಂಜಿನ್ನೂ ಮೊದಲ ಸಲಕ್ಕೇ ಎದ್ದವು. ಕೆಮ್ಮಲಿಲ್ಲ. ಒಂದರ ದನಿ ಯಾವುದು, ಇನ್ನೊಂದರದು ಯಾವುದು ಅಂತ ಗೊತ್ತಾಗದಷ್ಟು ಸಮ.

ಕೆರೆಯ ನಡುವೆ ಬಂದಾಗ ನೀರು ಕನ್ನಡಿಯಂತಿತ್ತು. ಗಾಳಿಯಿಲ್ಲ. ಯಾರೂ ಅಲುಗಾಡಿರಲಿಲ್ಲ, ಬೇಕರಿಯವನಂತೂ ಉಸಿರೂ ಆಡುತ್ತಿರಲಿಲ್ಲ. ಆಗ ಪೆಟ್ಟಿಗೆಯೊಳಗೆ ಕಾಲಿನ ಕಡೆಯಿಂದ ಏನೋ ಗುಡುಗುಡು ಉರುಳಿಕೊಂಡು ಹೋಗಿ, ತಲೆಯ ಕಡೆ ಠಣ್ ಅಂತ ಹಿತ್ತಾಳೆಗೆ ಬಡಿಯಿತು.

ನೀಲಿ ದೋಣಿ ನಾಲ್ಕು ಬೆರಳು ಕೆಳಗಿಳಿದು ನಿಂತಿತು.

ಎಲ್ಲರೂ ಮುಖ ಮುಖ ನೋಡಿಕೊಂಡರು.

"ಹೇಳಿಬಿಟ್ರು," ಅಂದಳು ಮಗಳು, ಪಿಸುದನಿಯಲ್ಲಿ.

"ನೀಲಿ!" ಅಂತ ಕೂಗಿದ ದೋಣಿಯಂಗಡಿಯವನು. "ಬರ್ಕೊಳ್ಳಮ್ಮಾ, ಬರ್ಕೋ!"

ಮಗಳು ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು. ಅಷ್ಟರಲ್ಲಿ ಅಮ್ಮ ಪೆಟ್ಟಿಗೆಯ ಮುಚ್ಚಳವನ್ನು ಎರಡು ಸಲ ತಟ್ಟಿದರು.

"ಯಾಕ್ರೀ? ಬಿಳಿದಕ್ಕೇನಾಗಿದೆ?"

ಉತ್ತರಕ್ಕೆ ಒಂದು ಗಳಿಗೆ ಕಾದರು. ಆಮೇಲೆ ಹಲಗೆ ಹಿಡಿದುಕೊಂಡು ನಿಧಾನಕ್ಕೆ ಬಿಳಿ ದೋಣಿಗೆ ದಾಟಿ, ಮಾಡಿನ ನೆರಳಿನಲ್ಲಿ ಕಾಲು ಚಾಚಿ ಕೂತರು. ನೀಲಿ ಮೇಲೆದ್ದಿತು. ಹಲಗೆ ಮತ್ತೆ ಸಮವಾಯಿತು.

"ಆರು ಜನ ಕೂರಬಹುದು. ನೆರಳಿದೆ. ಕೆಮ್ಮು ವಾಸಿಯಾಗಿದೆ. ಏನು ಕಮ್ಮಿ ಅಂತ? ಹೇಳಿ ನೋಡೋಣ..."

ಆಚೆ ದಡದಲ್ಲಿ ಗೇಟಿನವನು ಐದು ಗಂಟೆಗೆ ಸರಿಯಾಗಿ ಬೀಗ ಕೈಗೆತ್ತಿಕೊಂಡು ಕೆರೆಯ ಕಡೆ ನೋಡಿದ. ನೀರಿನ ಮೇಲೆ ಒಂದು ದೊಡ್ಡ ತಕ್ಕಡಿ ತೇಲಿ ಬರುತ್ತಿತ್ತು. ಅದರ ಒಂದು ತಟ್ಟೆಯಲ್ಲಿ ಒಬ್ಬ ಹೆಂಗಸು ಕೈಬೀಸಿ ಬೀಸಿ ಯಾರ ಜೊತೆಗೋ ವಾದ ಮಾಡುತ್ತಿದ್ದರು. ಅವನು ಬೀಗವನ್ನು ಜೇಬಿಗೆ ಹಾಕಿಕೊಂಡು ಗೇಟು ಪೂರ್ತಿ ತೆರೆದ.