ಹನ್ನೆರಡು ಗಂಟೆಯ ನೀಲಾವತಿ

ಒಂದು ದೀಪವೂ ಹೊತ್ತಿಲ್ಲ, ಅಂಗೈಯಲ್ಲಿ ದೆವ್ವ ಪತ್ತೆಯ ಮೀಟರು, ಕಪ್ಪು ಪ್ಲಾಸ್ಟಿಕ್ಕಿನ ಡಬ್ಬಿ, ಅದರ ನೆತ್ತಿಯಲ್ಲಿ ಐದು ಪುಟ್ಟ ದೀಪಗಳು, ಹಸಿರಿನಿಂದ ಶುರುವಾಗಿ ಕೆಂಪಿಗೆ ಮುಗಿಯುತ್ತವೆ, ಕೆಂಪು ಹೊತ್ತಿತೆಂದರೆ ದೆವ್ವ ಎಂದು ನನ್ನನ್ನು ಕೆಲಸಕ್ಕಿಟ್ಟುಕೊಂಡ ದುರ್ಗೇಶ್ ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಹೇಳುತ್ತಾನೆ, ವೈರು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ — ಸಿರುಗುಪ್ಪದ ಹಳೆ ರೈಸ್‌ಮಿಲ್ಲಿನಲ್ಲಿ ಹೊತ್ತಿದಾಗ ಗೋಡೆಯೊಳಗೆ ಕೇಬಲ್ ಇತ್ತು, ಕಂಟೋನ್ಮೆಂಟಿನ ಬಂಗಲೆಯಲ್ಲಿ ಹೊತ್ತಿದಾಗ ಗೋಡೆಯಾಚೆ ಪಕ್ಕದ ಮನೆಯವರ ಫ್ರಿಜ್ಜು ಇತ್ತು, ಇಪ್ಪತ್ತು ವರ್ಷ ವೈರಿಂಗ್ ಮಾಡಿದವನಿಗೆ ಅಷ್ಟೂ ತಿಳಿಯುವುದಿಲ್ಲವೇ, ನನ್ನ ಜೇಬಿನ ಟೆಸ್ಟರು ಹೇಳುವುದನ್ನೇ ಈ ಫಾರಿನ್ ಡಬ್ಬಿ ಹೇಳುತ್ತದೆ, ಆದರೆ ಹೊನ್ನೂರಣ್ಣ ನೀನು ಮೀಟರ್ ಹಿಡಿ ಸಾಕು, ಮಾತು ನನಗ ಬಿಡು ಎಂದಿದ್ದ ದುರ್ಗೇಶ್, ಬಿಟ್ಟೆ, ಬಾಯಿ ಮುಚ್ಚಿಕೊಂಡಿರುವುದು ನನಗೇನು ಹೊಸದಲ್ಲ. ಬೆಳಿಗ್ಗೆ ಬಳ್ಳಾರಿಯಲ್ಲಿ ವ್ಯಾನು ಹತ್ತುವಾಗ ಕುರುಗೋಡು ಎಂದನೇ ಹೊರತು ಯಾರ ಮನೆ ಎನ್ನಲಿಲ್ಲ, ಎಂದಿದ್ದರೆ ಹೊಟ್ಟೆನೋವೆಂದು ಉಳಿದುಬಿಡುತ್ತಿದ್ದೆ, ಊರಾಚೆ ಗುಡ್ಡದ ಬುಡದಲ್ಲಿ ವ್ಯಾನು ತಿರುಗಿದಾಗಲೇ ಗುರುತು ಸಿಕ್ಕಿತು, ನಾನೇ ವೈರಿಂಗ್ ಮಾಡಿದ ಮನೆ, ನೀಲಿ ಬಾಗಿಲು, ಬೋರ್‌ವೆಲ್ಲು, ಅಂಗಳದಲ್ಲಿ ಕಬ್ಬಿಣದ ಕಂಬ, ಕಂಬದಿಂದ ಗೋಡೆಯ ಮೊಳೆಗೆ ಎಳೆದ ಬಟ್ಟೆ ಒಣಹಾಕುವ ತಂತಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದ ಮುದುಕಿ ಜಡೆಮ್ಮ — ಯವ್ವಾ, ನಮ್ಮ ವೈರಿಂಗ್ ಹೊನ್ನೂರಪ್ಪ ಅಲ್ಲೇನು, ನೀನೂ ದೆವ್ವ ಹಿಡಿಯೋರ ಕೂಡ ಸೇರಿಯೇನಪ್ಪಾ, ಚಲೋ ಆತು ಬಾ, ನಮ್ಮ ಸೊಸಿ ನಿನ್ನ ಗುರುತು ಹಿಡಿತಾಳ.

ಹಿಡಿಯುತ್ತಾಳೆ. ಸೊಸೆ ನೀಲಾವತಿ ಸತ್ತು ವರ್ಷದ ಮೇಲಾಯಿತು, ದಿನಾ ಹನ್ನೆರಡಕ್ಕೆ ಬಂದು ತಂತಿಯ ಮೇಲೆ ಕೂರುತ್ತಾಳಂತೆ, ಮುಟ್ಟಿದವರ ಕೈ ಜುಮ್ಮೆನ್ನುತ್ತದಂತೆ, ಹನ್ನೆರಡಕ್ಕೇ ಯಾಕೆ ಎಂದು ದುರ್ಗೇಶ್ ಕ್ಯಾಮೆರಾದ ಮುಂದೆ ಕೇಳಿದರೆ ಮಟಮಟ ಮಧ್ಯಾಹ್ನ ಅವು ತಿರುಗೋ ಹೊತ್ತಲ್ಲೇನ್ರಿ ಎಂದಳು ಮುದುಕಿ, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಹನ್ನೆರಡಕ್ಕೆ ಈ ಕಡೆಗೆ ತ್ರೀಫೇಸ್ ಬಿಡುತ್ತಾರೆ, ಆಟೋ ಸ್ಟಾರ್ಟರು ತಾನೇ ಬೋರಿನ ಮೋಟಾರು ಹಾಕುತ್ತದೆ, ಸ್ಟಾರ್ಟರಿನ ಕಬ್ಬಿಣದ ಡಬ್ಬಿಗೆ ಕರೆಂಟು ಇಳಿದಿದ್ದರೆ ಅದು ಅರ್ತಿಂಗ್ ವೈರು ಹಿಡಿದು ನೆಲಕ್ಕೆ ಹೋಗಬೇಕು — ನೆಲ, ಎಲ್ಲಿಯ ನೆಲ, ಎರಡು ಗೇಣು ಅಗೆದೆ ಅವತ್ತು, ಹಾರೆ ಟಣ್ ಎಂದಿತು, ಬಂಡೆ, ಇನ್ನೊಂದು ಕಡೆ ಅಗೆದೆ, ಅಲ್ಲೂ ಬಂಡೆ, ಅರ್ತಿಂಗ್ ಗುಂಡಿಗೆಂದು ತಂದ ಇದ್ದಿಲೂ ಕಲ್ಲುಪ್ಪೂ ಚೀಲದಲ್ಲೇ ಉಳಿದವು, ಬಿಸಿಲು ಬೇರೆ, ಕೊಳಗಲ್ಲಿನಲ್ಲಿ ಇನ್ನೊಂದು ಮನೆಯ ಕೆಲಸ ಬೇರೆ, ಹಸಿರು ವೈರನ್ನು ತಂದು ಈ ಕಂಬಕ್ಕೆ ಸುತ್ತಿದೆ, ಕಂಬವೂ ನೆಲದಲ್ಲೇ ಇದೆಯಲ್ಲ ಎಂದುಕೊಂಡೆ, ಕಂಬದ ಬುಡ ಬಂಡೆಯ ಮೇಲಿನ ಒಣ ಸಿಮೆಂಟಿನಲ್ಲಿ ಕೂತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಸ್ಟಾರ್ಟರಿನ ಕರೆಂಟು ನೆಲಕ್ಕಿಳಿಯದೆ ಕಂಬದಿಂದ ಬಟ್ಟೆಯ ತಂತಿಗೇ ಹರಿಯುತ್ತದೆ, ಕಂಡೇ ಸುತ್ತಿದೆ. ನೀಲಾವತಿ ಬಂದು ಸೆರಗಿಗೆ ಕೈ ಒರೆಸುತ್ತಾ ಚೀಲ ನೋಡಿ, ಈ ಉಪ್ಪು ಏನ್ ಮಾಡ್ತೀರಣ್ಣಾ, ಮಣ್ಣಾಗ ಹಾಕ್ತೀರೇನು, ಮಾವಿನಕಾಯಿ ತಂದೀನಿ, ಉಪ್ಪಿನಕಾಯಿಗೆ ಆಗ್ತೈತಿ ಕೊಡ್ರಲ್ಲ, ಎಂದು ನಕ್ಕಳು, ಕೊಟ್ಟೆ, ಕೊಟ್ಟು ದೊಡ್ಡ ಮನುಷ್ಯನಾದೆ, ಮುಂದಿನ ಸಲ ಬಂದಾಗ ಒಂದು ಬಾಟ್ಲಿ ಉಪ್ಪಿನಕಾಯಿ ಕಟ್ಟಿಕೊಟ್ಟಳು, ನನ್ನ ಹೆಂಡತಿ ಮಕ್ಕಳು ಬೆರಳು ಚೀಪಿ ತಿಂದರು. ಸತ್ತ ದಿನ ಅವಳ ಗಂಡ ಫೋನು ಮಾಡಿದ — ಅಣ್ಣಾ, ಬಟ್ಟಿ ಒಣಗಹಾಕಾಕ ಹೋದಾಕಿ ಹಂಗ ಬಿದ್ದಾಳ, ಎದಿ ನಿಂತೈತಿ ಅಂತಾರ — ಮಣ್ಣಿಗೆ ಬಂದೆ, ಹೆಣಕ್ಕೆ ನೀರು ಹಾಕುವ ಹೆಂಗಸರು ಪರದೆಯ ಹಿಂದೆ ಮಾತಾಡುತ್ತಿದ್ದರು, ಈ ಬಲಗೈ ಬೆರಳು ಬಿಡಿಸಾಕ ಬರವಲ್ದು ನೋಡವ್ವಾ, ಏನೋ ಹಿಡಕೊಂಡಂಗ ಮುಚ್ಚ್ಯಾವು. ಮುಚ್ಚಿದ ಬೆರಳು. ಕರೆಂಟು ಹೊಡೆದ ಕೈ ಹಿಡಿದದ್ದನ್ನು ಬಿಡುವುದಿಲ್ಲ, ಆಗಲೇ ಗೊತ್ತಾಯಿತು, ಗೊತ್ತಾಗಿಯೂ ಒಂದು ಹಿಡಿ ಮಣ್ಣು ಹಾಕಿ ಬಸ್ಸು ಹಿಡಿದೆ, ಕಂಬದ ಕಡೆ ಕತ್ತು ತಿರುಗಿಸಲಿಲ್ಲ, ಅವತ್ತು ಆ ಹಸಿರು ವೈರು ಕಿತ್ತಿದ್ದರೂ ಸಾಕಿತ್ತು, ಕಿತ್ತರೆ ಯಾಕೆ ಕಿತ್ತೆ ಎಂದು ಕೇಳುತ್ತಿದ್ದರು, ಅಷ್ಟಕ್ಕೆ ಹೆದರಿದೆ.

ಹನ್ನೆರಡಕ್ಕೆ ಐದು ನಿಮಿಷ. ದುರ್ಗೇಶ್ ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರನ್ನು ಕಂಬಕ್ಕೆ ಹಿಡಿದಿದ್ದಾನೆ, ರೆಕಾರ್ಡರ್ ಕಲ್ಲಿನ ಮೇಲಿಟ್ಟಿದ್ದಾನೆ, ನೀಲಾವತಿಯವರೇ ಇದ್ದರೆ ದೀಪ ಹೊತ್ತಿಸಿ ಎನ್ನುತ್ತಾನೆ, ಸರೋಜಾ ಬಾಗಿಲಲ್ಲಿ ನಿಂತಿದ್ದಾಳೆ, ನೀಲಾವತಿಯ ತಂಗಿ, ಅಕ್ಕ ಸತ್ತ ಮೇಲೆ ಅದೇ ಗಂಡನಿಗೆ ಕೊಟ್ಟು ತಂದದ್ದು, ಅದೇ ಮೂಗು, ಅದೇ ದನಿ, ತಂತಿ ದಿನಾ ಮುಟ್ತೀನ್ರಿ, ಅಕ್ಕ ಕೈ ಹಿಡಿದಂಗ ಆಗ್ತೈತಿ, ನಾ ಸಣ್ಣಾಕಿದ್ದಾಗ ನಮ್ಮಕ್ಕ ನನ್ನ ಹಂಗ ಹಿಡಕೊಂಡು ಸಾಲಿಗೆ ಕರಕೊಂಡು ಹೋಗ್ತಿದ್ಲು — ದಿನಾ ಮುಟ್ಟಿಯೂ ಬದುಕಿದ್ದಾಳೆ, ಹೇಗೆ, ಅವಳ ಕಾಲು ನೋಡಿದೆ, ರಬ್ಬರ್ ಚಪ್ಪಲಿ, ಅಬ್ಬಾ, ಬರೀ ಎರಡು ಬೆರಳಿನಷ್ಟು ರಬ್ಬರು. ಜಡೆಮ್ಮನ ದನಿ ಏರಿತು, ಏ ಸರೋಜಿ, ಇವತ್ತು ಮಂದಿ ನೋಡಾಕ ಬಂದಾರ, ಸತ್ತಾಕಿ ಮುಂದ ಚಪ್ಪಲಿ ಮೆಟ್ಟಿಕೊಂಡು ಹೋಗ್ತೀಯೇನು, ಬಿಡು, ಕಾಲು ತೊಳಕೊಂಡು ಹೋಗು. ಸರೋಜಾ ಚಪ್ಪಲಿ ಬಿಟ್ಟಳು. ಚೆಂಬು ಬಗ್ಗಿಸಿ ಕಾಲಿಗೆ ನೀರು ಹಾಕಿಕೊಂಡಳು, ಕೈಯನ್ನೂ ತೊಳೆದಳು, ಒದ್ದೆ ಹೆಜ್ಜೆಗಳು ಬಂಡೆಯ ಮೇಲೆ, ಒಂದು, ಎರಡು, ಬೇಡವ್ವಾ ಎನ್ನು ಹೊನ್ನೂರಪ್ಪ, ಬಾಯಿ ತೆರೆ, ಬೇಡ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಜೈಲು, ನನ್ನ ಮಕ್ಕಳು, ಉಪ್ಪಿನಕಾಯಿ ಚೀಪಿದ ಆ ಬೆರಳುಗಳು, ಒಳಗೆ ಸ್ಟಾರ್ಟರು ಟಕ್ ಎಂದಿತು, ಕೈಯ ಮೀಟರಿನಲ್ಲಿ ಹಸಿರು, ಇನ್ನೊಂದು ಹಸಿರು, ಹಳದಿ, ದುರ್ಗೇಶ್ ಕೂಗುತ್ತಾನೆ, ಬಂದ್ಲು, ಬಂದ್ಲು, ಅಣ್ಣಾ ಕ್ಯಾಮೆರಾಕ್ಕ ತೋರ್ಸು, ಕೆಂಪು, ಸರೋಜಾಳ ಕೈ ಮೇಲೇಳುತ್ತದೆ — ಮೀಟರು ಎಲ್ಲಿ ಬಿತ್ತೋ, ಗೋಡೆಯ ಮೇಲೆ ಮೇನ್ ಸ್ವಿಚ್ಚು, ನಾನೇ ಕೂರಿಸಿದ್ದು, ಎಷ್ಟು ಎತ್ತರದಲ್ಲಿದೆ ಎಂದು ನನ್ನ ತೋಳಿಗೆ ಗೊತ್ತು, ಎಳೆದೆ.

ಮೋಟಾರು ನಿಂತಿತು. ನೆಲದ ಮೇಲೆ ಐದೂ ದೀಪ ಆರಿದ ಡಬ್ಬಿ. ಸರೋಜಾ ತಂತಿ ಹಿಡಿದು ನಿಂತಿದ್ದಾಳೆ, ಜುಮ್ ಅನ್ನವಲ್ದು, ಅಕ್ಕ ಬರವಲ್ಲಳು, ಎನ್ನುತ್ತಾಳೆ, ಜಡೆಮ್ಮ ನನ್ನ ಕಡೆ ಕೈ ಮುಗಿದು, ಹಾಕಪ್ಪಾ ಸ್ವಿಚ್ಚು, ಇನ್ನೊಂದ್ ಸಲ ಬರ್ಲಿ ನಮ್ಮ ಸೊಸಿ, ಈ ಹುಡುಗಿ ಮಾರಿ ನೋಡಿಯಾರ ಹಾಕು, ಎನ್ನುತ್ತಾಳೆ, ನನ್ನ ಕೈ ಸ್ವಿಚ್ಚಿನ ಮೇಲೇ ಇದೆ, ಯಾರ ದನಿಯೋ ಎಂಬಂತೆ ನನ್ನ ದನಿ ಕೇಳಿಸಿತು, ಅದು ನಿಮ್ಮಕ್ಕ ಅಲ್ಲವ್ವಾ, ಕರೆಂಟು, ನಾನ ಕಟ್ಟಿದ ವೈರು, ನಿಮ್ಮಕ್ಕನ್ನ ಕೊಂದಿದ್ದೂ ಅದ, ಬಿಡು ತಂತಿ. ದುರ್ಗೇಶನ ಕ್ಯಾಮೆರಾ ಕೆಳಗಿಳಿಯಿತು, ಮುದುಕಿಯ ಮುಗಿದ ಕೈ ಮುಗಿದಂತೆಯೇ ಇದೆ, ಬೈಯಲಿ, ಹೊಡೆಯಲಿ, ಬಿಡು ತಾಯೀ ಎಂದೆ ಮತ್ತೆ, ಅವಳು ನನ್ನನ್ನು ನೋಡುತ್ತಾಳೆ, ಬಿಡುವುದಿಲ್ಲ, ಸತ್ತ ತಂತಿ, ಅದರ ಸುತ್ತ ಒದ್ದೆ ಕೈ, ಮುಚ್ಚಿದ ಬೆರಳು, ಮುಚ್ಚಿದ ಬೆರಳು.