ಭಾನುವಾರದ ಬಂಗಾಳಿ ಸಿನಿಮಾ

ಆ ಬಂಗಾಳಿ ಸಿನಿಮಾ ತೆಗೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ, ಅವನ ಹೊಟ್ಟೆ ತಣ್ಣಗಿರಲಿ. ಅಂಥ ಗೋಳಿನ ಸಿನಿಮಾ ನಾನು ಇನ್ನೊಂದು ನೋಡಿಲ್ಲ, ನೋಡೋದೂ ಬೇಡ. ಆದರೆ ಅವತ್ತು ಅದು ಟಿವಿಯಲ್ಲಿ ಬರದೇ ಹೋಗಿದ್ದರೆ ನಾನು ನಾಲ್ಕು ಗಂಟೆಯ ಬಸ್ಸು ಹಿಡಿದು ತವರೂರು ಜಡೆಗೆ ಹೋಗಿಬಿಡುತ್ತಿದ್ದೆ. ತಿರುಗಿ ಬರುತ್ತಿರಲಿಲ್ಲ.

ಏನು ಜಗಳ ಅಂತ ಕೇಳಬೇಡಿ, ಜಗಳವೇ ಇರಲಿಲ್ಲ. ಸೊರಬದ ಕೂಡು ಮನೆಯಲ್ಲಿ ಹದಿನಾಲ್ಕು ಜನ ಇದ್ದೆವು. ಅಷ್ಟು ಗಲಾಟೆಯಲ್ಲಿ ಗಂಡ ಹೆಂಡತಿ ಮಾತಾಡದಿದ್ದರೆ ಯಾರಿಗೆ ತಿಳಿಯುತ್ತೆ? ನಮಗೇ ತಿಳಿದಿರಲಿಲ್ಲ. ನನ್ನ ಗಂಡ ಕೊಟ್ರೇಶ್ ಇಂಗ್ಲಿಷ್ ಮೇಷ್ಟ್ರು. ಅವರಿಗೆ ಶಿಕಾರಿಪುರಕ್ಕೆ ವರ್ಗವಾಗಿ, ಊರಾಚೆ ಹೊಸ ಬಡಾವಣೆಯಲ್ಲಿ ಇಬ್ಬರೇ ಮನೆ ಮಾಡಿದ ಮೇಲೆ ಗೊತ್ತಾಯಿತು. ಸ್ಕೂಲಲ್ಲಿ ಗಂಟಲು ಹರಿಯೋ ಹಾಗೆ ಪಾಠ ಮಾಡಿ ಬಂದವರು ಮನೆ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಸಕ್ಕರೆ ಮುಗಿದಿದೆ ಅಂತ ನಾನು ಗೋಡೆಗೆ ಹೇಳಬೇಕು. ಸಂಜೆ ಸಕ್ಕರೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎರಡು ವರ್ಷ ಇದೇ ಆಯಿತು. ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದೆ ಕಣ್ರೀ.

ಆ ಭಾನುವಾರ ಬೆಳಿಗ್ಗೆ ಟ್ರಂಕು ತುಂಬಿ ಬಾಗಿಲ ಹತ್ತಿರ ಇಟ್ಟೆ. ನಾಲ್ಕು ಗಂಟೆಗೆ ಹೋಗ್ತೀನಿ, ಮತ್ತೆ ಬರಲ್ಲ ಅಂತ ಅದನ್ನೂ ಗೋಡೆಗೇ ಹೇಳಿದೆ. ಇವರು ಟ್ರಂಕು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟೇ.

ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆ ರಾಜೇಶ್ವರಮ್ಮ ಬಂದರು. ಅವರ ಮನೆಯಲ್ಲಿ ಟಿವಿ ಇಲ್ಲ, ಭಾನುವಾರದ ಸಿನಿಮಾಕ್ಕೆ ನಮ್ಮಲ್ಲಿಗೆ ಬರುವುದು ತಪ್ಪಿಸುವುದಿಲ್ಲ. ಅವತ್ತಿನದು ಬಂಗಾಳಿ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರ. ಮನೆಯಲ್ಲೇ ಇಂಗ್ಲಿಷ್ ಮೇಷ್ಟ್ರಿದ್ದೂ ನಾವು ಕಿವುಡರ ಥರ ಕೂರಬೇಕಾ ಅಂತ ರಾಜೇಶ್ವರಮ್ಮ ಇವರನ್ನು ಜಗ್ಗಿದರು. ಪಕ್ಕದ ಮನೆಯವರಿಗೆ ಇಲ್ಲ ಅನ್ನೋಕಾಗದೆ ಇವರು ಕುರ್ಚಿ ಎಳೆದುಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದರು.

ಸಿನಿಮಾದಲ್ಲೂ ಊರಾಚೆ ಒಂದು ಮನೆ, ಇಬ್ಬರೇ ಗಂಡ ಹೆಂಡತಿ. ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ಮಾತಿಲ್ಲ ಕತೆಯಿಲ್ಲ. ಹೆಣ ಇಟ್ಟ ಮನೆ ಇದ್ದಂಗಿದೆ ಅಂದರು ರಾಜೇಶ್ವರಮ್ಮ. ತಾವು ಎಂಥ ಮನೆಯಲ್ಲಿ ಕೂತಿದ್ದೀವಿ ಅಂತ ಪಾಪ ಅವರಿಗೇನು ಗೊತ್ತು. ನಾನು ತಲೆ ಬಗ್ಗಿಸಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ.

ಅಷ್ಟರಲ್ಲಿ ಸಿನಿಮಾದ ಆ ಹೆಂಗಸು ಬಾಯಿ ಬಿಟ್ಟಳು. ಇವರು ಪಾಠದ ದನಿಯಲ್ಲಿ ಶುರು ಮಾಡಿದರು. "ಈ ಮನೆಯಲ್ಲಿ ನಾನು ಇದ್ದೀನೋ ಇಲ್ಲವೋ ಅಂತ ಒಂದು ದಿನ ಕೇಳಿದ್ದೀರಾ ಅಂತಾಳೆ." ದನಿ ಇಳಿಯಿತು. ಎರಡು ಸಾಲು ಕನ್ನಡವಾಗದೆ ಹಾಗೇ ಹೋದವು. ಮುಂದೇನು ಅಂತ ರಾಜೇಶ್ವರಮ್ಮ ಕೆದಕಿದರು. "ನಿಮ್ಮ ಜೊತೆ ಇದ್ದು ನನಗೆ ಮಾತೇ ಮರೆತುಹೋಯಿತು ಅಂತಾಳೆ." ನನ್ನ ಹೊಟ್ಟೆಯೊಳಗೆ ಎರಡು ವರ್ಷ ಕೊಳೆಯುತ್ತಿದ್ದ ಮಾತು ಇವರ ಬಾಯಲ್ಲಿ ಬರುತ್ತಿತ್ತು.

ಕೊನೆಗೆ ಆ ಹೆಂಗಸು ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಬಂದಳು. ಗಂಡ ಕಿಟಕಿ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದ.

"ಹೋಗಬೇಡ" ಅಂದರು ಇವರು.

ನಾನು ತಲೆ ಎತ್ತಿದೆ. ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ನನಗೆ ಇಂಗ್ಲಿಷ್ ಬರದಿದ್ದರೂ ಅಕ್ಷರ ಇದೆಯೋ ಇಲ್ಲವೋ ಕಾಣುತ್ತಲ್ಲ.

"ಅವನು ಬಾಯೇ ಬಿಡಲಿಲ್ಲವಲ್ರೀ ಮೇಷ್ಟ್ರೆ" ಅಂದರು ರಾಜೇಶ್ವರಮ್ಮ. ಟಿವಿಯಲ್ಲಿ ಹೆಂಗಸು ಹೊರಟುಹೋಗಿ ಬಾಗಿಲು ಮುಚ್ಚಿತು.

"ಅವನು ಬಾಯಿ ಬಿಡಲಿಲ್ಲ" ಅಂದರು ಇವರು. ಆಮೇಲೆ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. "ನಾನು ಹೇಳಿದ್ದು. ಹೋಗಬೇಡ, ನಾಗೂ."

ರಾಜೇಶ್ವರಮ್ಮ ಬಾಗಿಲ ಹತ್ತಿರದ ಟ್ರಂಕನ್ನು ಆಗ ನೋಡಿದರು. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಅಂತ ಎದ್ದು ಹೋದರು. ಎಂಥ ಹಾಲೂ ಇಟ್ಟಿರಲಿಲ್ಲ, ಆ ತಾಯಿ ನೂರು ವರ್ಷ ಬದುಕಲಿ. ನಾನು ಅತ್ತುಬಿಟ್ಟೆ, ಅಳುತ್ತಲೇ ಎರಡು ವರ್ಷದ್ದನ್ನೆಲ್ಲ ಸೇರಿಸಿ ಬೈದೆ. ನಾಲ್ಕು ಗಂಟೆ ಬಸ್ಸು ಹೋದಾಗಲೂ ಬೈಯುತ್ತಲೇ ಇದ್ದೆ. ಇವರು ಎದ್ದು ಹೋಗದೆ ಅಷ್ಟನ್ನೂ ಕೇಳಿಸಿಕೊಂಡರು.

ಇದಾಗಿ ಆರು ವರ್ಷ. ಈಗ ಕನ್ನಡ ಸಿನಿಮಾ ಬಂದರೂ ಇವರು ಪಕ್ಕದಲ್ಲಿ ಕೂತು, ಅವನು ಹಿಂಗಂದ, ಅವಳು ಹಂಗಂದಳು ಅಂತ ನನಗೆ ಹೇಳುತ್ತಲೇ ಇರುತ್ತಾರೆ. ಒಂದು ಡೈಲಾಗೂ ನೆಟ್ಟಗೆ ಕೇಳಿಸುವುದಿಲ್ಲ. ಸುಮ್ಮನಿರ್ರೀ ಅಂತ ನಾನು ಒಂದು ದಿನವೂ ಅಂದಿಲ್ಲ.